ಅವ್ವನ ತವರು, ಪುಟಕ್ಕಿಷ್ಟರಂತೆ

ಹಳೆಯ ದಾಖಲೆಗಳ ನಕಲು ಕೊಡುವ ಸೆಂಟರಿನಲ್ಲಿ, ಗಾಜಿನ ಕಿಂಡಿಯ ಆಚೆ ಕಂಪ್ಯೂಟರ್ ಮುಂದೆ ಕೂತಿದ್ದ ಹೆಣ್ಣುಮಗಳು ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿ, "ನೋಡ್ರಿ ಅಕ್ಕಾರ, ಪುಟ ಬಂತು," ಎಂದಳು. ಬಂದಿತ್ತು, ಹೌದು. ಹಳದಿಗೆ ತಿರುಗಿದ ಕಾಗದ, ತುಂಬ ಉರ್ದು ಬರಹ. ಅದರ ಮೇಲೆ ಅಡ್ಡಕ್ಕೆ ಬೂದು ಬಣ್ಣದ ದೊಡ್ಡ ದೊಡ್ಡ ಅಕ್ಷರಗಳು ಬಿದ್ದಿದ್ದವು. ಅವುಗಳ ಕೆಳಗೆ ಏನಿದೆಯೋ ಎಲ್ಲ ಮಸುಕು.

"ಮ್ಯಾಲಿಂದು ತೆಗಿಯವ್ವ, ಓದಾಕ ಬರವಲ್ದು."

"ರೊಕ್ಕ ತುಂಬಿದ್ರ ಅದ ಹೋಗತೈತ್ರಿ."

"ಇದ ನಮಗ ಬೇಕಾದ ಪುಟ ಹೌದೋ ಅಲ್ಲೋ ಅಂತ ನೋಡಬೇಕಲ್ಲ ಮೊದಲ?"

"ಅದನ್ನ ನೋಡಾಕನ ರೊಕ್ಕ ತುಂಬೋದ್ರಿ."

ಅವಳ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ. ನನ್ನ ಮಗಳ ವಯಸ್ಸಿನವಳು, ದರ ಗೊತ್ತು ಮಾಡಿದವಳು ಅವಳಲ್ಲ. ಆದರೂ ಆ ದಿನ ಕೊಪ್ಪಳದ ಬಜಾರದಲ್ಲಿ ಮನೆಯ ಕಡೆ ನಡೆಯುತ್ತ ನಾನು ಒಬ್ಬಳೇ ಮಾತಾಡಿಕೊಂಡು ಬಂದೆ. ಇದೇ ಬಜಾರದ ಬಟ್ಟೆ ಅಂಗಡಿಯಲ್ಲಿ ಗದ್ದಿಗೆಯ ಮೇಲೆ ಕೂತು ಸೀರೆಯ ಮೇಲೆ ಸೀರೆ ಬಿಚ್ಚಿಸಿ, ಒಂದೂ ಮನಸ್ಸಿಗೆ ಬರಲಿಲ್ಲವೆಂದು ಎದ್ದು ಬಂದಿದ್ದೇನೆ. ಅಂಗಡಿಯವನು ಮೋರೆ ಸಣ್ಣಗೆ ಮಾಡಿದ್ದಾನು, ಅಷ್ಟೇ. ಮಡಿಕೆ ಬಿಚ್ಚಿದ್ದಕ್ಕೆ ಯಾರೂ ದುಡ್ಡು ಕೇಳಿಲ್ಲ.

ನಾನು ಹುಡುಕುತ್ತಿದ್ದದ್ದು ಹೊಲವನ್ನಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಆ ಕಿಂಡಿಯ ಮುಂದೆ ನಿಂತವರೆಲ್ಲ ಹೊಲದ ಸಲುವಾಗಿಯೇ ನಿಂತಿರುತ್ತಾರೆ. ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಬ್ಯಾಂಕಿನ ಸಾಲ. ನನಗೆ ಬೇಕಾದದ್ದು ನನ್ನ ಅವ್ವನ ತಾಯಿಯ ತವರುಮನೆ.

ಅವ್ವ ಹುಟ್ಟಿದ್ದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ, ಹೆತ್ತವಳು ತೀರಿಕೊಂಡಳು. ದಿನದ ಕಾರ್ಯಕ್ಕೆ ಬಂದ ತವರಿನವರಿಗೂ ಮನೆಯವರಿಗೂ ಮಾತಿಗೆ ಮಾತು ಬೆಳೆದು, ಅವರು ಉಣ್ಣದೆ ಎದ್ದು ಹೋದರಂತೆ. ಏನು ಮಾತು ಎಂದು ಅವ್ವನಿಗೆ ಯಾರೂ ಹೇಳಲಿಲ್ಲ. ಹೋದವರು ತಿರುಗಿ ಈ ಕಡೆ ಬರಲಿಲ್ಲ. ಮುಂದೆ ಅವಳ ಅಪ್ಪ ಮತ್ತೊಂದು ಮದುವೆಯಾದ. ಅವ್ವನನ್ನು ಸಾಕಿದವಳು ಸೋದರತ್ತೆ. ಅವ್ವನ ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಓಣಿಯ ಯಾರೋ ಒಬ್ಬರು ನಿಂತಿದ್ದರು. ಅದನ್ನು ಅವ್ವ ನಗುತ್ತಲೇ ಹೇಳುತ್ತಿದ್ದಳು, "ನನ್ನ ಮಾಂವ ಬಾಡಿಗಿ ಮಾಂವ" ಎಂದು. ನಗುವಾಗ ನಮ್ಮ ಮುಖ ನೋಡುತ್ತಿರಲಿಲ್ಲ.

ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಬಂದ ಊರೇ ಅವಳ ಹೆಸರು. ಕುಕನೂರಾಕಿ, ತಾವರಗೇರಾದಾಕಿ, ಹನಮಸಾಗರದಾಕಿ. ಅಜ್ಜಿಯನ್ನು ಇಟಗಿಯಾಕಿ ಎನ್ನುತ್ತಿದ್ದರು. ಅವ್ವನ ಕೈಗೆ ಸಿಕ್ಕದ್ದು ಆ ಊರಿನ ಹೆಸರು, ಹೆತ್ತವಳ ಹೆಸರು, ಅವಳ ಅಪ್ಪನ ಹೆಸರು. ಆ ಅಪ್ಪನ ಹೆಸರೋ, ನಮ್ಮ ಭಾಗದಲ್ಲಿ ಊರಿಗೆ ನಾಲ್ಕು ಮಂದಿ ಇಟ್ಟುಕೊಂಡಿರುವಂಥದ್ದು.

ಅವ್ವನಿಗೆ ಇದ್ದ ಆಸೆ ಒಂದೇ. ತಾಯಿಯ ತವರಿನವರ ಕೈಯಿಂದ ಒಮ್ಮೆ ಉಡಿ ತುಂಬಿಸಿಕೊಳ್ಳಬೇಕು. ತವರಿಗೆ ಹೋದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಕುಬಸದ ಖಣ ಹಾಕಿ ಕಳಿಸುತ್ತಾರಲ್ಲ, ಅದು. ಅಕ್ಕಪಕ್ಕದ ಹೆಂಗಸರು ಪಂಚಮಿ ಮುಗಿಸಿ ತವರಿನಿಂದ ಬಂದು ಉಡಿ ಬಿಚ್ಚುವಾಗ ಅವ್ವ ಅಲ್ಲಿ ನಿಲ್ಲದೆ ಒಳಗೆ ಹೋಗುತ್ತಿದ್ದಳು. ಉಡಿ ತುಂಬುವುದು ಮುತ್ತೈದೆಯರಿಗೆ. ಗಂಡ ಹೋದ ಮೇಲೆ ತುಂಬುವುದಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಬೇರೆ ಸಿಟ್ಟಿದೆ, ಅದು ಇಲ್ಲಿ ಬೇಡ. ಅಪ್ಪನಿಗೆ ಎಂಬತ್ತು ದಾಟಿದ ಮೇಲೆ ಅವನೇ ಎತ್ತಿ ಆಡುತ್ತಿದ್ದ: "ಏ, ನಾ ಇರೋದ್ರಾಗ ತುಂಬಿಸ್ಕೊಂಡು ಬಾ. ಆಮ್ಯಾಲ ನೀ ಸೆರಗು ಒಡ್ಡಿದ್ರ ಗಾಳಿ ಅಷ್ಟ ತುಂಬತೈತಿ."

ಅವನಿಗೆ ಎದೆಯ ಬೇನೆ ಒಮ್ಮೆ ಬಂದು ಹೋಗಿತ್ತು. ಆ ಮಾತು ಚೇಷ್ಟೆಯಾಗಿ ಉಳಿದಿರಲಿಲ್ಲ.

ಹುಡುಕಾಟ ಹೊಸದೇನಲ್ಲ. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ನಾನಿನ್ನೂ ಮದುವೆಯಾಗದೆ ಯಲಬುರ್ಗಾದ ಮನೆಯಲ್ಲೇ ಇದ್ದೆ. "ಇನ್ನ ಕಾಗದಪತ್ರಕ್ಕ ರಾಯಚೂರು ಅಲಿಯೋದು ತಪ್ಪಿತು" ಎಂದು ಅಪ್ಪ ಹುರುಪಾಗಿ, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಮೊದಲು ಇಟಗಿಗೆ ಹೋದ. ಬಸ್ಸಿಳಿದು ಮನೆ ಮನೆ ಕೇಳಿದೆವು. ಅಂಥ ಹೆಸರಿನ ಹಿರಿಯರು ಇದ್ದರು, ಆದರೆ ಯಾರ ಮನೆಯಿಂದಲೂ ಕುಷ್ಟಗಿ ಕಡೆಗೆ ಹೆಣ್ಣು ಕೊಟ್ಟ ನೆನಪಿರಲಿಲ್ಲ. "ಊರು ಬಿಟ್ಟು ಹೋಗಿರಬೇಕ್ರಿ," ಎಂದರು. ಅವ್ವ ಗುಡಿಯ ಕಟ್ಟೆಯ ಮೇಲೆ ಕೂತು, ತಂದಿದ್ದ ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಮಾರನೆಯ ದಿನ ಯಲಬುರ್ಗಾದ ಕಚೇರಿಗೆ ಹೋದೆವು. ಹಳೆಯ ಕಾಗದ ಇಡುವ ಕೋಣೆಯವನು ಅಪ್ಪನ ಮಾತು ಕೇಳಿ, "ಹುಡಿಕ್ಕೋರಿ ಯಜಮಾನ್ರ, ಹರಿಬ್ಯಾಡ್ರಿ ಅಷ್ಟ," ಎಂದು ನೆಲಕ್ಕೆ ಗೋಣಿತಾಟು ಹಾಸಿ, ಕೆಂಪು ಬಟ್ಟೆಯ ಒಂದು ಗಂಟು ತಂದಿಟ್ಟ. ನಿಜಾಮರ ಕಾಲದ ಕಾಗದ, ಎಲ್ಲ ಉರ್ದು. ಅಪ್ಪ ಗುರುತಿನ ಒಬ್ಬ ಉರ್ದು ಸಾಲಿ ಮಾಸ್ತರರನ್ನು ಕರೆತಂದ. ಅವರು ಚಕ್ಕಂಬಕ್ಕಳ ಹಾಕಿ ಕೂತು ಒಂದೊಂದೇ ಹಾಳೆ ತಿರುವುತ್ತ ಓದುತ್ತ ಹೋದರು. ಒಬ್ಬ ಸತ್ತ, ಅವನ ಹೊಲ ಮೂವರಿಗೆ ಹೋಯಿತು. ಇನ್ನೊಬ್ಬ ಹುಣಸೆಮರದ ಪಾಲಿಗಾಗಿ ಅರ್ಜಿ ಕೊಟ್ಟ. ಒಬ್ಬಳು ವಿಧವೆ ಗೌಡನ ಮೇಲೆ ದೂರು ಬರೆಸಿದಳು. "ಭಲೇ ಹೆಣ್ಣು!" ಎಂದು ಮಾಸ್ತರರು ಆ ಹಾಳೆಯನ್ನು ಎರಡು ಸಲ ಓದಿದರು. ನಮಗೆ ಸಂಬಂಧವಿಲ್ಲದ್ದೆಲ್ಲ ಕೇಳಿ ನಕ್ಕೆವು. ಒಂದೇ ಗಂಟಿನಲ್ಲಿ ಸುತ್ತಲ ನಾಲ್ಕೈದು ಊರುಗಳು ಕಲಸಿಕೊಂಡಿದ್ದವು. ಇಟಗಿಯೆಂದು ತೆಗೆದರೆ ಪಕ್ಕದ ಹಳ್ಳಿ ಬರುತ್ತಿತ್ತು. ಸಂಜೆಗೆ ಅರ್ಧ ಗಂಟು ಮುಗಿದಿತ್ತು. ನಮ್ಮ ಹೆಸರು ಸಿಕ್ಕಿರಲಿಲ್ಲ. ಮಾಸ್ತರರಿಗೂ ಕೋಣೆಯವನಿಗೂ ಮಿರ್ಚಿ ಮಂಡಕ್ಕಿ, ಚಹಾ. ಖರ್ಚು ಅಂದರೆ ಅಷ್ಟು.

ಉಳಿದರ್ಧಕ್ಕೆ ಮತ್ತೆ ಹೋಗುವಷ್ಟರಲ್ಲಿ ಕೋಣೆಗೆ ಬೀಗ. ಹೊಸ ಜಿಲ್ಲೆ, ಕಾಗದಗಳ ವಿಂಗಡಣೆ, ಮುಗಿಯುವ ತನಕ ಯಾರನ್ನೂ ಬಿಡುವುದಿಲ್ಲ ಎಂದರು. ಅದು ಎಂದು ಮುಗಿಯಿತೋ, ಮುಗಿಯಿತೋ ಇಲ್ಲವೋ. ಅಪ್ಪ ಹೋದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದರು. ನನಗೆ ಮದುವೆಯಾಯಿತು. ಕೊಪ್ಪಳಕ್ಕೆ ಬಂದೆ. ನಮ್ಮ ಮನೆಯವರು ಗಿಣಿಗೇರಾದ ಕಾರ್ಖಾನೆಗೆ ಹೋಗುವವರು. ಪಾಳಿಯ ಲೆಕ್ಕದಲ್ಲಿ ಡಬ್ಬಿ ಕಟ್ಟುವುದು, ಅಂಗಿಯ ಕರಿದೂಳು ಒಗೆಯುವುದು, ಮಕ್ಕಳು, ಅವರ ಸಾಲಿ. ಯಲಬುರ್ಗಾದಲ್ಲಿ ಅಪ್ಪ ಅವ್ವ ತಮ್ಮನ ಸಂಸಾರದ ಜೊತೆ. ವರ್ಷಗಳು ಹೋದವು.

ಎರಡು ವರ್ಷದ ಹಿಂದೆ ತಮ್ಮ ಫೋನ್ ಮಾಡಿ, ಹಳೆ ಕಾಗದವೆಲ್ಲ ಕಂಪ್ಯೂಟರಿಗೆ ಏರಿಸಿದ್ದಾರಂತೆ, ಇನ್ನು ಯಾರು ಬೇಕಾದರೂ ಕೂತಲ್ಲೇ ನೋಡಬಹುದಂತೆ ಎಂದ. ಅವ್ವ ಹಿಂದೆ ನಿಂತು, "ಕೇಳು, ಕೇಳು, ಇಟಗಿದು ಬಂದೈತೇನು ಕೇಳು," ಎನ್ನುವುದು ಕೇಳಿಸಿತು. ನಾನೂ ಹಿಗ್ಗಿದೆ. ಇಲಿಯ ಬಾಯಿಗೂ ಮಳೆಯ ಸೋರಿಕೆಗೂ ಹೋಗುವುದನ್ನು ಉಳಿಸಿದ್ದಾರೆ ಎಂದರೆ ಯಾರು ಬೇಡವೆನ್ನುತ್ತಾರೆ?

ಕಿಂಡಿಗೆ ಹೋದ ಮೇಲೆ ಗೊತ್ತಾಯಿತು, 'ಯಾರು ಬೇಕಾದರೂ' ಅಂದರೆ ಯಾರು ಎಂದು.

"ಸರ್ವೆ ನಂಬರ್ ಹೇಳ್ರಿ," ಎಂದಳು ಆ ಹೆಣ್ಣುಮಗಳು.

"ಗೊತ್ತಿಲ್ಲವ್ವ. ಹೆಸರು ಗೊತ್ತೈತಿ."

"ಹೆಸರಿನ ಮ್ಯಾಲ ಹುಡುಕಾಕ ಬರಂಗಿಲ್ರಿ. ಊರು, ಸರ್ವೆ ನಂಬರು, ವರ್ಷ. ಮೂರೂ ಬೇಕ್ರಿ."

"ಮೂರೂ ಗೊತ್ತಿದ್ರ ನಾ ಯಾಕ ಇಲ್ಲಿ ಬರತಿದ್ದೆ?"

ಅವಳು ಪಾಪ, ನಕ್ಕಳು. "ಹಂಗಾರ ಊರಿನ ಪಟ್ಟಿ ತಗೋರಿ. ಅದರಾಗ ಹೆಸರು ಹುಡುಕಿ, ನಂಬರ್ ನೋಡ್ಕೊಂಡು, ಮತ್ತೊಂದು ಅರ್ಜಿ ಹಾಕ್ರಿ."

ಪಟ್ಟಿ ಎಂದರೆ ಒಂದು ಹಾಳೆಯಲ್ಲ, ಒಂದು ಕಟ್ಟು. ಅರ್ಜಿಗೆ ಒಂದು ದರ. ಹುಡುಕಿಕೊಡುವುದಕ್ಕೆ ಒಂದು ದರ, ಸಿಕ್ಕರೂ ಸಿಗದಿದ್ದರೂ. ಪುಟಪುಟಕ್ಕೆ ಒಂದು ದರ. ಮುದ್ರೆಯಿಲ್ಲದ ನಕಲು ಕೊಡುವುದೇ ಇಲ್ಲವಾದ್ದರಿಂದ ಮುದ್ರೆಗೆ ಒಂದು. ಸೆಂಟರಿನವರ ಕೈಚಾರ್ಜು ಬೇರೆ. ನಾನು ಮೊದಲ ಸಲ ಕೊಟ್ಟು ಬಂದದ್ದು ಆ ತಿಂಗಳ ಗ್ಯಾಸಿನ ಸಿಲಿಂಡರು. ಎರಡನೆಯ ಸಲ, ಅಪ್ಪನ ಎದೆಯ ಗುಳಿಗೆಗೆಂದು ತೆಗೆದಿಟ್ಟದ್ದು. ಅದನ್ನು ಆಮೇಲೆ ಹೇಗೋ ಸರಿದೂಗಿಸಿದೆ, ಆದರೆ ಆ ದಿನ ಔಷಧದಂಗಡಿಯ ಮುಂದೆ ಹಾಯುವಾಗ ಆ ಕಡೆ ನೋಡಲಿಲ್ಲ.

ಪುಟಗಳು ಬಂದವು. ಓದುವವರು ಬೇಕಲ್ಲ. ಕೊಪ್ಪಳದಲ್ಲಿ ಉರ್ದು ಬಲ್ಲ ಒಬ್ಬ ನಿವೃತ್ತ ಮಾಸ್ತರರನ್ನು ಹುಡುಕಿಕೊಂಡು ಹೋದೆ. ಭೂತಗನ್ನಡಿ ಕೈಗೆತ್ತಿಕೊಳ್ಳುತ್ತ ಅವರು, "ಬರ್ರಿ ತಾಯಿ. ಸಾಲಿಯೊಳಗ ಇದ್ದಾಗ ನನ್ನ ಕಡೆ ಒಬ್ಬ ಹುಡುಗ ಹಣಿಕಿ ಹಾಕಲಿಲ್ಲ. ಈಗ ಕಣ್ಣು ಮಂಜಾದ ಮ್ಯಾಲ ಇಡೀ ಜಿಲ್ಲಾಕ್ಕ ಬೇಕಾಗೀನಿ," ಎಂದು ನಗುತ್ತ ಬರಮಾಡಿಕೊಂಡರು. ಅವರಿಗೂ ಕೊಟ್ಟೆ. ಅದಕ್ಕೆ ನನಗೆ ಬೇಸರವಿಲ್ಲ, ಅವರು ಓದಿ ಕೊಟ್ಟರು, ಕೆಲಸ ಮಾಡಿದರು. ಬೇಸರವಾದದ್ದು ನಾಲ್ಕನೆಯ ಹಾಳೆ ತೆಗೆದಾಗ.

"ಇದೇನಮ್ಮ ಇದು?"

ಹಾಳೆಯ ಕೆಳಗಡೆ, ಹೆಸರುಗಳ ಮೇಲೆ, ಒಂದು ಹೆಬ್ಬೆರಳು. ಫೋಟೋ ತೆಗೆಯುವಾಗ ಯಾರೋ ಕಾಗದ ಒತ್ತಿ ಹಿಡಿದದ್ದು ಹಾಗೆಯೇ ಬಂದುಬಿಟ್ಟಿದೆ. ಉಗುರು, ಉಗುರಿನ ಕೊಳೆ, ಎಲ್ಲ ಸ್ಪಷ್ಟ. ಅದರ ಕೆಳಗೆ ಮೂವರೋ ನಾಲ್ವರೋ ಸಿಕ್ಕಿಹಾಕಿಕೊಂಡಿದ್ದಾರೆ. ಮುದ್ರೆ ಮಾತ್ರ ನೀಟಾಗಿ ಬಿದ್ದಿದೆ, 'ಮೂಲದಂತೆ ಇದೆ' ಎಂದು. ಮರಳಿ ಕಿಂಡಿಗೆ ಹೋಗಿ ತೋರಿಸಿದೆ.

"ಹಂಗ ಐತ್ರಿ ಸಿಸ್ಟಮಿನ್ಯಾಗ," ಎಂದಳು.

"ಈ ಹೆಬ್ಬೆಟ್ಟಿಗೂ ರೊಕ್ಕ ಕೊಟ್ಟೀನವ್ವ ನಾ."

"ಪುಟದ್ದು ರೊಕ್ಕರಿ ಅದು, ಅಕ್ಷರದ್ದಲ್ರಿ."

ನಮ್ಮ ಮನೆಯವರು ಆ ರಾತ್ರಿ ಊಟಕ್ಕೆ ಕೂತಾಗ ಹಾಳೆ ನೋಡಿ, "ಸತ್ತವರನ್ನ ಹುಡುಕಾಕ ಇದ್ದವರ ಪಗಾರ. ಅದರಾಗೂ ಯಾರದೋ ಹೆಬ್ಬೆಟ್ಟು. ಗೋಡಿಗೆ ಹಚ್ಚು, ದಿನಾ ಊದಿನಕಡ್ಡಿ ಬೆಳಗೂಣು," ಎಂದರು. ನನಗೆ ನಗು ಬರಲಿಲ್ಲ. ಅದನ್ನು ನೋಡಿ ಅವರು, ಮಜ್ಜಿಗೆ ಹಾಕು ಎಂದರು.

ಇಟಗಿಯ ಪಟ್ಟಿ ಪೂರ್ತಿ ಓದಿಸಿದ್ದಾಯಿತು. ಅಜ್ಜಿಯ ಅಪ್ಪನ ಹೆಸರಿನವರು ನಾಲ್ವರು ಸಿಕ್ಕರು. ನಾಲ್ವರ ಸರ್ವೆ ನಂಬರಿಗೂ ಬೇರೆಬೇರೆ ಅರ್ಜಿ. ನಾಲ್ವರಿಗೂ ಬೇರೆ ಬೇರೆ ಮಕ್ಕಳು, ಬೇರೆ ಬೇರೆ ಮನೆತನ. ಒಬ್ಬರೂ ನಮ್ಮವರಲ್ಲ. ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಹೋಗಲಿ ಬಿಡವ್ವ. ಎಷ್ಟಂತ ಸುರೀತಿ. ನಿನ್ನ ಮಕ್ಕಳ ಬಾಯಾಗಿಂದು ಕಿತ್ತು ನನ್ನ ಉಡಿ ತುಂಬಬ್ಯಾಡ," ಎಂದಳು. ಎಂಬತ್ತರ ಹತ್ತಿರ ಬಂದ ಹೆಂಗಸು ತನ್ನ ತಾಯಿಯ ಮನೆ ಎಲ್ಲಿ ಎಂದು ಕೇಳುವುದನ್ನು ಖರ್ಚು ನೋಡಿ ನಿಲ್ಲಿಸುವುದೆಂದರೆ ಏನು? ಆ ಕಾಗದ ಬರೆಸಿದವರು ಯಾರು? ನಮ್ಮ ಅಜ್ಜಂದಿರು. ತಮ್ಮ ಹೆಸರು, ತಮ್ಮ ಹೊಲ, ತಮ್ಮ ಮಕ್ಕಳ ಹೆಸರು, ಎಲ್ಲ ತಾವೇ ಕೊಟ್ಟು, ಕಂದಾಯವನ್ನೂ ತಾವೇ ಕಟ್ಟಿ ಬರೆಸಿದ್ದು. ನಮ್ಮ ಮನೆಯ ಕಾಳು ತಗೊಂಡು ಹಗೇವಿಗೆ ಹಾಕಿಕೊಂಡು, ಈಗ ಮುಚ್ಚಳ ತೆಗೆದು ತೋರಿಸುವುದಕ್ಕೇ ರೊಕ್ಕ ಕೇಳಿದಂತೆ.

ಆ ಬೇಸಿಗೆಯಲ್ಲಿ ಗಂಗಾವತಿಯಲ್ಲಿ ಒಂದು ಮದುವೆ. ಅಲ್ಲಿ ಅವ್ವನ ದೊಡ್ಡಪ್ಪನ ಮಗಳಿದ್ದಾಳೆ, ಅವ್ವನಿಗಿಂತ ಹಿರಿಯಳು, ನನಗೆ ದೊಡ್ಡವ್ವ. ಪಾಲಾದ ಮೇಲೆ ಅವರ ಮನೆಯವರು ಭತ್ತದ ಬೇಸಾಯಕ್ಕೆಂದು ಕಾಲುವೆಯ ಕಡೆ ಹೋಗಿ ನೆಲೆಸಿದವರು. ಊಟ ಮುಗಿಸಿ ಅವಳ ಬಳಿ ಕೂತು ಎಲೆಗೆ ಸುಣ್ಣ ಹಚ್ಚಿಕೊಡುತ್ತ, ಕಿಂಡಿಯ ಕಥೆಯೆಲ್ಲ ಹೇಳಿ ಸಿಟ್ಟು ತೀರಿಸಿಕೊಂಡೆ. ಅವಳು ಎಲೆಯನ್ನು ಬಾಯಿಯ ತನಕ ಒಯ್ದವಳು ಹಾಗೇ ನಿಲ್ಲಿಸಿದಳು.

"ಇಟಗಿಯಾಗ ಯಾಕ ಹುಡುಕತಿ?"

"ಅಜ್ಜಿ ಇಟಗಿಯಾಕಿ ಅಲ್ಲೇನು?"

"ಅಯ್ಯ ನನ ಹುಚ್ಚ ಮಗಳ! ಇಟಗಿಯಾಗ ಆಕಿ ಒಂದ ದಿನಾನೂ ಇದ್ದಿಲ್ಲ. ನಮ್ಮವ್ವನೂ ನಿಮ್ಮಜ್ಜಿನೂ ಒಂದ ಊರಾಕೇರು. ನಮ್ಮವ್ವ ಮೊದಲ ಸೊಸಿ, ಆ ಊರಿನ ಹೆಸರು ಆಕಿಗೆ ಹೋತು. ಎರಡನೇದಾಕಿ ಬಂದಾಗ ಏನಂತ ಕರೀಬೇಕು? ಒಂದು ಒಲಿ ಮುಂದ ಒಂದ ಹೆಸರಿನವರು ಇಬ್ರಾದ್ರ, ಕರದ್ರ ಇಬ್ರೂ ಏಳತಾರ, ಇಲ್ಲಾ ಇಬ್ರೂ ಏಳಂಗಿಲ್ಲ. ಅದಕ್ಕ ಬಾಜೂ ಊರಿಂದು ಹಚ್ಚಿದ್ರು, ಇಟಗಿಯಾಕಿ ಅಂತ."

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ನೀವು ಯಾವಾಗ ಕೇಳೀರಿ?"

ಕೇಳಿರಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಕೇಳುತ್ತಾರೆ? ಅವಳಿಗೂ ಅದು ಹೇಳುವಂಥ ವಿಷಯವೆಂದು ಅನ್ನಿಸಿರಲಿಲ್ಲ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅಜ್ಜಿ ಸೊಸೆಯಾಗಿ ಬರುವ ಮೊದಲೇ ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ಸೋದರತ್ತೆಯ ಮನೆಗೆ, ಅವ್ವ ಬೆಳೆದ ಮನೆಗೆ, ಮಾತ್ರ ಬಂದಿರಲಿಲ್ಲ. ದೊಡ್ಡವ್ವನ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆ ಊರಿನ ಬಳಕೆಯೂ ನಿಂತುಹೋಗಿತ್ತು. ಅವಳು ಹೇಳಿದ ಊರು ಇಟಗಿಯ ಪಕ್ಕದ್ದೇ, ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಹೋಗುವ ಸಣ್ಣ ಹಳ್ಳಿ.

ಗಂಗಾವತಿಯಿಂದ ಬರುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಇನ್ನೊಂದು, ಅದು ಹೊಳೆದ ಮೇಲೆ ಸಿಟ್ಟು ದುಪ್ಪಟ್ಟಾಯಿತು. ತೊಂಬತ್ತೇಳರ ಆ ಗಂಟಿನಲ್ಲಿ ಪಕ್ಕದ ಊರುಗಳೆಲ್ಲ ಕಲಸಿಕೊಂಡಿದ್ದವು. ಆ ಕೋಣೆ ಇನ್ನೊಂದು ಮಧ್ಯಾಹ್ನ ತೆರೆದಿದ್ದರೆ, ಮಾಸ್ತರರು ಸುಮ್ಮನೆ ತಿರುವುತ್ತ ಓದುತ್ತ ಹೋಗಿದ್ದರೆ, ನಾವು ಕೇಳದಿದ್ದರೂ ಆ ಹಾಳೆ ಅವರ ಕೈಗೆ ಬರುತ್ತಿತ್ತು. ಅಜ್ಜಿಯ ಹೆಸರು ಕೇಳಿದೊಡನೆ ಅವ್ವ ಹಿಡಿಯುತ್ತಿದ್ದಳು. ಕಂಪ್ಯೂಟರು ಅದನ್ನು ಊರೂರಿಗೆ ಬಿಡಿಸಿ, ನಂಬರ್ ಹಚ್ಚಿ, ಬೇರೆಬೇರೆ ಬೀಗ ಹಾಕಿಟ್ಟಿದೆ. ಇಟಗಿ ಎಂದು ಕೇಳಿದವರಿಗೆ ಇಟಗಿಯನ್ನೇ ಕೊಡುತ್ತದೆ, ಪಕ್ಕದ್ದನ್ನು ಅಪ್ಪಿತಪ್ಪಿಯೂ ಕೊಡುವುದಿಲ್ಲ. ತಪ್ಪಾಗಿ ಕೇಳುವ ಬಡವರಿಗೆ ಆ ತಪ್ಪೇ ದಂಡ. ಹುಡುಕುವುದು ಎಂದರೆ ತಿರುವಿಹಾಕುವುದು. ತಿರುವಿಹಾಕುವ ಒಂದೊಂದು ಹಾಳೆಗೂ ದರವಿದ್ದರೆ ಯಾರು ತಿರುವಿಹಾಕುತ್ತಾರೆ?

ಕಿಂಡಿಗೆ ಹೋಗಿ, ಊರು ತಪ್ಪಾಗಿತ್ತು, ಮೊದಲು ತುಂಬಿದ್ದರಲ್ಲಿ ಸ್ವಲ್ಪವಾದರೂ ಹಿಡಿದುಕೊಳ್ಳಿ ಎಂದೆ.

"ತಪ್ಪು ನಿಮ್ಮದಲ್ಲೇನ್ರಿ ಅಕ್ಕಾರ?"

"ನಂದಲ್ಲವ್ವ. ನಮ್ಮ ಅಜ್ಜಿ ಅತ್ತಿದು."

ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಆ ಅತ್ತಿಯಾರ ಆಧಾರ್ ಕಾರ್ಡ್ ತರ್ರಿ ಹಂಗಾರ," ಎಂದಳು. ಇಬ್ಬರೂ ನಕ್ಕೆವು. ನಕ್ಕು, ದುಡ್ಡು ತುಂಬಿದೆ. ನಗುವಿಗೇನೂ ರಿಯಾಯಿತಿ ಸಿಗಲಿಲ್ಲ.

ಸಣ್ಣ ಊರು, ಸಣ್ಣ ಪಟ್ಟಿ. ಎರಡನೆಯ ಹಾಳೆಯಲ್ಲೇ ಹೆಸರು ಸಿಕ್ಕಿತು. ನಂಬರ್ ಕೊಟ್ಟು ಮತ್ತೊಂದು ಅರ್ಜಿ. ಅದರಲ್ಲಿ ಬಂದದ್ದು ಆ ಮುತ್ತಜ್ಜ ಸತ್ತಾಗ ಬರೆದ ವಾರಸುದಾರರ ಹಾಳೆ. ಕೊಪ್ಪಳದ ಮಾಸ್ತರರು ನಿಧಾನಕ್ಕೆ ಓದಿದರು. ಗಂಡುಮಕ್ಕಳು ಇಬ್ಬರು. ಮಗಳು ಒಬ್ಬಳು, ಹೆಸರು ಇಂಥದ್ದು, ಕುಷ್ಟಗಿ ತಾಲ್ಲೂಕಿನ ಇಂಥ ಊರಿಗೆ ಕೊಟ್ಟಿದೆ. ಅಜ್ಜಿಯ ಹೆಸರು. ಅವ್ವನ ಊರು. ನಾನು ಅಲ್ಲಿಂದಲೇ ಯಲಬುರ್ಗಾಕ್ಕೆ ಫೋನ್ ಹಚ್ಚಿದೆ. ಹಾಳೆಯಲ್ಲಿದ್ದದ್ದನ್ನು ಅವ್ವನಿಗೆ ಹೇಳಿದೆ. ಅವಳು, "ಇನ್ನೊಮ್ಮೆ ಓದಸು," ಎಂದಳು. ಮಾಸ್ತರರು ಫೋನಿಗೆ ಬಾಯಿ ಹಚ್ಚಿ ಮತ್ತೆ ಓದಿದರು.

ಅಪ್ಪನಿಗೆ ಆ ತಿಂಗಳು ಮತ್ತೆ ಉಸಿರಾಟದ ತೊಂದರೆ. "ನನ್ನ ನೋಡ್ಕೋತ ಕುಂದರಬ್ಯಾಡ್ರಿ, ಹೋಗ್ರಿ ಮೊದಲ," ಎಂದು ಅವನೇ ಎಬ್ಬಿಸಿ ಕಳಿಸಿದ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಸೆರಗು ಎಂದಿಗಿಂತ ಉದ್ದ ಬಿಟ್ಟುಕೊಂಡು. ಬಸ್ಸಿನಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮನೆ ಸಿಗುವುದು ಕಷ್ಟವಾಗಲಿಲ್ಲ. ಅಜ್ಜಿಯ ಅಣ್ಣನ ಮೊಮ್ಮಗ, ನನಗಿಂತ ಚಿಕ್ಕವನು, ಹೊರಸಿನ ಮೇಲೆ ಕೂತಿದ್ದ. ಅವ್ವ ಅವನಿಗೆ ಅತ್ತೆಯಾಗಬೇಕು. ಹೇಗೆ ನಂಬಿಸುವುದು ಎಂದು ನಾನು ನಕಲನ್ನೂ ಅದರ ಕನ್ನಡವನ್ನೂ ಅವನ ಕೈಗಿಟ್ಟೆ. ಅವನು ಓದುತ್ತ ಹೋದಂತೆ ಮುಖ ಬಿಗಿಯಾಯಿತು. ಮುದ್ರೆಯ ಮೇಲೆ ಬೆರಳಾಡಿಸಿ, ಹಾಳೆ ಹಿಂದೆ ತಿರುಗಿಸಿ ನೋಡಿದ.

"ವಕೀಲರಿಗೆ ತೋರಿಸೀರೇನು ಇದನ್ನ?"

"ವಕೀಲರು ಯಾಕಪ್ಪ?" ಎಂದಳು ಅವ್ವ.

"ಯಾಕ ಅಂದ್ರ? ಸರ್ಕಾರದ ಮುದ್ರಿ ಹಾಕಿಸ್ಕೊಂಡು ಬಂದೀರಿ. 'ಮಗಳು ಒಬ್ಬಾಕಿ' ಅಂತ ಬರದೈತಿ. ಈಗಿನ ಕಾಯ್ದೆ ನನ್ಗೂ ಗೊತ್ತೈತ್ರಿ. ಈ ಹೊಲ ಇಷ್ಟು ವರ್ಷ ನಮ್ಮಪ್ಪ ನಾವು ಮಾಡೀವಿ."

"ನನಗ ಹೊಲ ಯಾಕ ಬೇಕೋ ಯಪ್ಪಾ? ಒಂದು ಬೊಗಸಿ ಅಕ್ಕಿ ಹಾಕಸು, ಸಾಕು."

"ಎಲ್ಲಾ ಅಕ್ಕಿಲಿಂದನ ಸುರು ಆಗತೈತ್ರಿ."

ಅವ್ವ ಅಂಗಳದಲ್ಲಿ ನಿಂತೇ ಇದ್ದಳು. ಕೂಡ್ರಿ ಎಂದಿರಲಿಲ್ಲ ಅವನು. ನನ್ನ ಮೈ ಉರಿಯುತ್ತಿತ್ತು. ಅವನ ಮೇಲೆ ಅರ್ಧ ಮಾತ್ರ. ಆ ಮುದ್ರೆ ನಾನು ಕೇಳಿದ್ದಲ್ಲ. ಅದಿಲ್ಲದೆ ಹಾಳೆ ಕೊಡುವುದಿಲ್ಲವೆಂದು ಬಲವಂತಕ್ಕೆ ಕಟ್ಟಿಸಿಕೊಂಡ ದುಡ್ಡು. ಆ ದುಡ್ಡಿನ ಮುದ್ರೆಯೇ ಈಗ ಬಾಗಿಲಿಗೆ ಅಡ್ಡ ನಿಂತಿತ್ತು. ಬರಿಗೈಲಿ ಬಂದು ಅಜ್ಜಿಯ ಹೆಸರು ಹೇಳಿದ್ದರೆ ಅವನು ಹೀಗೆ ಬೆಚ್ಚುತ್ತಿರಲಿಲ್ಲ.

ಒಳಗಿನಿಂದ ಅವನ ಹೆಂಡತಿ ಬಂದಳು, ಕೈಯಲ್ಲಿ ನೀರಿನ ತಂಬಿಗೆ. "ಹಿರೇ ಮುತ್ತೈದಿ ಬಿಸಲಾಗ ನಿಂತಾರ, ನೀವು ಕೋರ್ಟು ನಡಸಾಕತ್ತೀರಿ. ಬರ್ರಿ ಅತ್ತಿ, ಒಳಗ ಬರ್ರಿ."

"ನೀ ಸುಮ್ನಿರು," ಎಂದ ಅವನು.

ಆಗ ಅವ್ವ ನನಗೆ, "ಆ ಕಾಗದ ಅವನ ಕಡೆನ ಇರ್ಲಿ ಬಿಡು. ಅವನ ಮುತ್ಯಾಂದು, ಅವನ ಮನ್ಯಾಗನ ಇರ್ಲಿ," ಎಂದಳು. ನನಗೆ ಕೂಡಲೇ ಒಪ್ಪಲಾಗಲಿಲ್ಲ. ಆ ಒಂದು ಹಾಳೆಗೆ ಹೋದದ್ದೆಲ್ಲ ಕಣ್ಣ ಮುಂದೆ ಬಂತು. ಆದರೆ ಅವ್ವನ ಕೈ ಆಗಲೇ ಸೆರಗಿನ ತುದಿ ಹುಡುಕುತ್ತಿತ್ತು. "ಇಟ್ಕೊಳ್ರಿ," ಎಂದೆ.

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟ. "ಇನ್ನೊಂದು ನಕಲು ಇಟ್ಕೊಂಡಿಲ್ಲಲ್ಲ?"

"ಇಲ್ಲ."

ರೊಕ್ಕ ಕೊಟ್ಟರೆ ನಾಳೆಯೇ ಇನ್ನೊಂದು ಸಿಗುತ್ತದೆ, ಯಾರಿಗೆ ಬೇಕಾದರೂ ಸಿಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ನಾನೂ ಹೇಳಲಿಲ್ಲ.

ಅವನು ಎದ್ದು ದನದ ಕಡೆ ಹೋದ. ಅವನ ಹೆಂಡತಿ ದೇವರ ಮುಂದೆ ಚಾಪೆ ಹಾಸಿ ಅವ್ವನನ್ನು ಕೂಡಿಸಿ, ಅರಿಷಿಣ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ. ಪೆಟ್ಟಿಗೆಯಿಂದ ತನ್ನದೇ ಒಂದು ಖಣ ತೆಗೆದು ಮೇಲಿಟ್ಟಳು. ಅವ್ವ ಎರಡೂ ಕೈಯಲ್ಲಿ ಸೆರಗು ಹಿಡಿದು, ತಲೆ ಬಗ್ಗಿಸಿ, ಸಣ್ಣ ಹುಡುಗಿಯಂತೆ ಕೂತಿದ್ದಳು. ಬಸ್ಸಿಗೆ ಕಳಿಸಲು ಬಂದವಳು ಗಂಡನಿಗೆ ಕೇಳದಂತೆ, "ಪಂಚಮಿಗೆ ಬರ್ರಿ ಅತ್ತಿ. ಕಾಗದಾ ಪಾಗದಾ ಏನೂ ತರಬ್ಯಾಡ್ರಿ," ಎಂದಳು.

ಬಸ್ಸು ಹೊರಟ ಮೇಲೆ ಅವ್ವ ಉಡಿಯ ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, "ನನ್ನ ನೋಡಿ ಹೆದರಿಬಿಟ್ಟಾನಲ್ಲ ಅಂವ. ನಾ ಹೆದರಿಸಾಕ ಬಂದಿದ್ದೆನೇನು?" ಎಂದಳು.

ಯಲಬುರ್ಗಾದಲ್ಲಿ ಅಪ್ಪ ದಿಂಬಿಗೆ ಒರಗಿ ಎಚ್ಚರವಿದ್ದ. ಅವ್ವ ಅವನ ಮಂಚದ ಮುಂದೆ ಕೂತು ಗಂಟು ಬಿಚ್ಚಿದಳು. ಅವನು ಕೈ ಚಾಚಿ ಅಕ್ಕಿಯಲ್ಲಿ ಬೆರಳಾಡಿಸಿದ, ಒಂದು ಉತ್ತತ್ತಿ ಬಾಯಿಗೆ ಹಾಕಿಕೊಂಡ.

"ಪಂಚಮಿಗೆ ಕರದಾರ," ಎಂದಳು ಅವ್ವ. "ಅಲ್ಲೀತನಕ ಗಟ್ಟಿ ಇರ್ರಿ."

"ಇರತೀನಿ ಬಿಡು," ಎಂದ ಅಪ್ಪ, ನನ್ನ ಕಡೆ ತಿರುಗಿ. "ಅದಕ್ಕೂ ಅರ್ಜಿ ಹಾಕಿ ರೊಕ್ಕ ತುಂಬಬೇಕೇನು, ಕೇಳಿ ಬಾ."